ತೋಟದ ಮನೆಗೆ ಆಟೋಮೇಷನ್ ಸರ್ವರ್: ಡಾಕರ್ ಕಂಟೇನರಾ, ಪೂರ್ತಿ ಓಎಸ್ಸಾ, ಬರೀ ನೋಡ್-ರೆಡ್ ಸಾಕಾ?

ಪ್ರತಿ ವರ್ಷ ಏಪ್ರಿಲ್, ಮೇ ಬಂತು ಅಂದ್ರೆ ಪರಿಚಯದವರ ಫೋನ್ ಶುರುವಾಗುತ್ತೆ. "ಟ್ಯಾಂಕ್ ತುಂಬಿದ್ರೆ ಮೋಟರ್ ತಾನೇ ಆಫ್ ಆಗ್ಬೇಕು, ಮಳೆ ಎಷ್ಟು ಇಂಚು ಬಿತ್ತು ಅಂತ ಮೊಬೈಲಲ್ಲಿ ಕಾಣ್ಬೇಕು. ಹೋಮ್ ಅಸಿಸ್ಟೆಂಟ್ ಹಾಕೋಣ ಅಂತಿದ್ದೀನಿ. ಡಾಕರ್‌ನಲ್ಲಿ ಹಾಕ್ಲಾ, ಅದರದ್ದೇ ಓಎಸ್ ಹಾಕ್ಲಾ?" ಹೋಮ್ ಅಸಿಸ್ಟೆಂಟ್ ಅಂದರೆ ಮನೆಯ ಸ್ವಿಚ್, ಸೆನ್ಸರ್‌ಗಳನ್ನೆಲ್ಲ ಒಂದೇ ಕಡೆಯಿಂದ ನೋಡಿಕೊಳ್ಳುವ ಸಾಫ್ಟ್‌ವೇರ್. ಡಾಕರ್ ಅಂದರೆ ಒಂದೊಂದು ಪ್ರೋಗ್ರಾಂ ಅನ್ನೂ ಕಂಟೇನರ್ ಅನ್ನುವ ಬೇರೆ ಬೇರೆ ಡಬ್ಬಿಯಲ್ಲಿಟ್ಟು ಓಡಿಸುವ ವಿಧಾನ. ಪೇಟೆಯ ಫ್ಲಾಟ್‌ನಲ್ಲಿ ಕೂತು ಮಾಡಿದ ವಿಡಿಯೋಗಳನ್ನು ನೋಡಿ ಗೊಂದಲ ಆಗಿರುತ್ತೆ. ಅಲ್ಲಿ ಹೋಲಿಸುವುದು ವೇಗ, ಮೆಮೊರಿ, ಚೆಂದದ ಡ್ಯಾಶ್‌ಬೋರ್ಡ್. ನಮಗೆ ಬೇಕಾದ ಹೋಲಿಕೆಯೇ ಬೇರೆ.

ಕಕ್ಕಡದ (ಜುಲೈ-ಆಗಸ್ಟ್‌ನ) ಮಳೆ. ಎಲ್ಲೋ ಮರ ಬಿದ್ದು ಲೈನ್ ಹೋಗಿದೆ. ಎರಡು ದಿನ ಕರೆಂಟ್ ಇಲ್ಲ, ಇನ್ವರ್ಟರ್ ಮೊದಲ ರಾತ್ರಿಯೇ ಖಾಲಿ. ಮೂರನೇ ದಿನ ಬೆಳಗಿನ ಜಾವ ಕರೆಂಟ್ ಬಂತು. ನೀವು ಮೈಸೂರಲ್ಲಿದ್ದೀರಿ, ಮನೆಯಲ್ಲಿ ಅಮ್ಮ ಒಬ್ಬರೇ. ಆಗ ಆ ಪೆಟ್ಟಿಗೆಯನ್ನು ಯಾರೂ ಮುಟ್ಟದೆ ಎಲ್ಲವೂ ತಾನಾಗಿ ಏಳುತ್ತಾ? ನಾನು ಪ್ರತಿಯೊಂದು ದಾರಿಯನ್ನೂ ಈ ಒಂದು ಪ್ರಶ್ನೆ ಇಟ್ಟುಕೊಂಡೇ ತೂಗುತ್ತೇನೆ.

ನಮ್ಮದು ಕೊಡಗಿನ ಸಿದ್ದಾಪುರದ ಕಡೆ ಸಣ್ಣ ರೋಬಸ್ಟಾ ಕಾಫಿ ತೋಟ. ಮನೆಯ ಟ್ಯಾಂಕ್, ಕೆರೆಯ ಹತ್ತಿರದ ಮೋಟರ್, ಮಳೆ ಮಾಪಕ, ಗೀಸರ್, ಗೇಟಿನ ಲೈಟ್, ಕಣದ ಹತ್ತಿರ ಒಂದು ಕ್ಯಾಮೆರಾ. ಇಷ್ಟಕ್ಕೆ ನಾನು ಮೂರೂ ದಾರಿಗಳನ್ನು ಬಳಸಿ ನೋಡಿದ್ದೇನೆ.

ಮೊದಲು ಯಾವುದನ್ನು ಬಿಡಬೇಕು

ಹಳೆಯ ವಿಡಿಯೋಗಳಲ್ಲಿ ಹೋಮ್ ಅಸಿಸ್ಟೆಂಟ್ ಹಾಕಲು ನಾಲ್ಕು ದಾರಿ ತೋರಿಸುತ್ತಾರೆ: ಓಎಸ್, ಕಂಟೇನರ್, ಸೂಪರ್‌ವೈಸ್ಡ್, ಕೋರ್. ಕೊನೆಯ ಎರಡನ್ನು ಮರೆತುಬಿಡಿ. 2025ರ ಮೇ ತಿಂಗಳಲ್ಲೇ ಇವೆರಡನ್ನೂ ನಿಲ್ಲಿಸುವುದಾಗಿ ಹೋಮ್ ಅಸಿಸ್ಟೆಂಟ್‌ನವರು ಹೇಳಿದರು, ಆ ವರ್ಷದ ಕೊನೆಗೆ ಬೆಂಬಲವೂ ನಿಂತಿತು. ಜೊತೆಗೆ 32 ಬಿಟ್ ಯಂತ್ರಗಳಿಗೂ ಬೆಂಬಲ ಹೋಯಿತು. ಹಾಗಾಗಿ ಮೂಲೆಯಲ್ಲಿರುವ ಹಳೇ ರಾಸ್ಪ್‌ಬೆರಿ ಪೈ 2 ತೆಗೆದು ಒರೆಸಿ ಪ್ರಯೋಜನ ಇಲ್ಲ.

ಎನ್‌ಏಟ್‌ಎನ್ ಬಗ್ಗೆಯೂ ಕೆಲವರು ಕೇಳುತ್ತಾರೆ. ಇಮೇಲ್, ಶೀಟ್, ಟೆಲಿಗ್ರಾಮ್ ಇವುಗಳನ್ನು ಒಂದಕ್ಕೊಂದು ಪೋಣಿಸಲು ಅದು ಒಳ್ಳೆಯದು. ಹೋಮ್‌ಸ್ಟೇ ಬುಕಿಂಗ್ ಇರುವವರಿಗೆ ಉಪಯೋಗ ಆಗಬಹುದು. ಮೋಟರ್, ಸೆನ್ಸರ್ ಅದರ ಕೆಲಸ ಅಲ್ಲ.

ಈಗ ಉಳಿದದ್ದು ಮೂರು. ಇಡೀ ಯಂತ್ರವನ್ನು ಹೋಮ್ ಅಸಿಸ್ಟೆಂಟ್ ಓಎಸ್‌ಗೆ ಬಿಟ್ಟುಕೊಡುವುದು. ಡೆಬಿಯನ್ ಅಥವಾ ಉಬುಂಟು ಲಿನಕ್ಸ್ ಹಾಕಿ, ಅದರ ಮೇಲೆ ಡಾಕರ್‌ನಲ್ಲಿ ಹೋಮ್ ಅಸಿಸ್ಟೆಂಟ್ ಕಂಟೇನರ್ ಓಡಿಸುವುದು. ಇಲ್ಲವೇ ಹೋಮ್ ಅಸಿಸ್ಟೆಂಟೇ ಬೇಡ, ಬರೀ ಮೊಸ್ಕಿಟೋ (ಸಾಧನಗಳ ನಡುವೆ ಸಂದೇಶ ಸಾಗಿಸುವ ಪ್ರೋಗ್ರಾಂ) ಮತ್ತು ನೋಡ್-ರೆಡ್ (ಗೆರೆ ಎಳೆದು ಆಟೋಮೇಷನ್ ಜೋಡಿಸುವ ಪ್ರೋಗ್ರಾಂ) ಎರಡೇ ಕಂಟೇನರ್.

ಇಡೀ ಪೆಟ್ಟಿಗೆ ಓಎಸ್‌ಗೆ

ಇದು ದೊಡ್ಡಪ್ಪನ ಮನೆಯಲ್ಲಿ ನಾನು ಹಾಕಿಕೊಟ್ಟದ್ದು. ಇಮೇಜ್ ಅನ್ನು ಎಸ್‌ಎಸ್‌ಡಿಗೆ ಬರೆದು, ನೆಟ್ ಕೇಬಲ್ ಚುಚ್ಚಿ, ಹತ್ತಿಪ್ಪತ್ತು ನಿಮಿಷ ಬಿಟ್ಟು ಮೊಬೈಲ್‌ನಲ್ಲಿ 8123 ಪೋರ್ಟ್ ತೆರೆದರೆ ಮುಗೀತು. ಮೊಸ್ಕಿಟೋ ಬೇಕಾ, ನೋಡ್-ರೆಡ್ ಬೇಕಾ, ಇಎಸ್‌ಪಿಹೋಮ್ (ಇಎಸ್‌ಪಿ ಅನ್ನುವ ಪುಟ್ಟ ವೈಫೈ ಬೋರ್ಡ್‌ಗಳನ್ನು ನಡೆಸುವ ಸಾಫ್ಟ್‌ವೇರ್) ಬೇಕಾ, ಆಡ್-ಆನ್ (ಜೊತೆಗೆ ಸೇರಿಸಿಕೊಳ್ಳುವ ಪ್ರೋಗ್ರಾಂ, ಹೊಸ ಆವೃತ್ತಿಗಳಲ್ಲಿ ಇದರ ಹೆಸರು ಆಪ್ಸ್) ಪಟ್ಟಿಯಲ್ಲಿ ಒತ್ತಿದರೆ ಬರುತ್ತೆ. ಬ್ಯಾಕಪ್ ತೆಗೆದರೆ ಆಡ್-ಆನ್‌ಗಳೂ ಸೇರಿ ಒಂದೇ ಫೈಲ್ ಸಿಗುತ್ತೆ. ಯಂತ್ರ ಸುಟ್ಟುಹೋದರೆ ಹೊಸದಕ್ಕೆ ಓಎಸ್ ಹಾಕಿ ಆ ಫೈಲ್ ಕೊಟ್ಟರೆ ಮನೆ ಮೊದಲಿದ್ದ ಹಾಗೇ ಬರುತ್ತೆ. ಸಿಡಿಲು ಜಾಸ್ತಿ ಇರುವ ನಮ್ಮ ಕಡೆ ಇದು ಸಣ್ಣ ವಿಷಯ ಅಲ್ಲ.

ಇನ್ನೊಂದು ಗುಣ ಹೊರಗೆ ಕಾಣುವುದಿಲ್ಲ. ಈ ಓಎಸ್ ತನ್ನನ್ನು ಡಿಸ್ಕ್‌ನಲ್ಲಿ ಎರಡು ಭಾಗವಾಗಿ ಇಟ್ಟುಕೊಂಡಿರುತ್ತೆ. ಅಪ್‌ಡೇಟ್ ಒಂದು ಭಾಗಕ್ಕೆ ಹೋಗುತ್ತೆ, ಅದು ಬೂಟ್ ಆಗದಿದ್ದರೆ ಹಳೇ ಭಾಗಕ್ಕೆ ವಾಪಸ್ ಬರುತ್ತೆ. ಅಪ್‌ಡೇಟ್ ನಡುವೆ ಕರೆಂಟ್ ಹೋಗುವ ಊರಿನವರಿಗೆ ಇದರ ಬೆಲೆ ಗೊತ್ತು.

ತೊಂದರೆ ಏನು? ಆ ಯಂತ್ರ ಬೇರೆ ಕೆಲಸಕ್ಕೆ ಸಿಗುವುದಿಲ್ಲ. ಆಡ್-ಆನ್ ಆಗಿ ಸಿಗುವುದನ್ನು ಮಾತ್ರ ಹಾಕಬಹುದು, ನಿಮ್ಮಿಷ್ಟದ ಕಂಟೇನರ್ ಹಾಕಲು ಅದು ಮಾಡಿದ್ದಲ್ಲ. ಮಕ್ಕಳ ಫೋಟೋ, ತೋಟದ ಲೆಕ್ಕ, ಕ್ಯಾಮೆರಾ ರೆಕಾರ್ಡಿಂಗ್ ಎಲ್ಲವನ್ನೂ ಒಂದೇ ಮಿನಿ ಪಿಸಿಯಲ್ಲಿ ಇಡಬೇಕು ಅಂತಿದ್ದರೆ ಇಲ್ಲಿ ಕೈ ಕಟ್ಟಿದ ಹಾಗಾಗುತ್ತೆ. ಪ್ರಾಕ್ಸ್‌ಮಾಕ್ಸ್ (ಒಂದೇ ಯಂತ್ರದಲ್ಲಿ ಹಲವು ವರ್ಚುವಲ್ ಯಂತ್ರ ಓಡಿಸುವ ಸಾಫ್ಟ್‌ವೇರ್) ಹಾಕಿ ಅದರೊಳಗೆ ವರ್ಚುವಲ್ ಮೆಷಿನ್ ಆಗಿ ಈ ಓಎಸ್ ಓಡಿಸುವವರೂ ಇದ್ದಾರೆ. ಗೊತ್ತಿದ್ದವರಿಗೆ ಒಳ್ಳೇ ದಾರಿ, ಆದರೆ ಕೆಟ್ಟಾಗ ಬಿಚ್ಚಿ ನೋಡಲು ಇನ್ನೊಂದು ಪದರ ಜಾಸ್ತಿ.

ಕಂಟೇನರ್: ನಾನು ಬಳಸುವುದು ಇದೇ

ನನ್ನ ಮಿನಿ ಪಿಸಿಯಲ್ಲಿ ಮೊದಲೇ ಡೆಬಿಯನ್ ಇತ್ತು, ಆಫೀಸಿನ ಕೆಲಸದ ಒಂದಿಷ್ಟು ಕಂಟೇನರ್‌ಗಳೂ ಇದ್ದವು. ಹಾಗಾಗಿ ಹೋಮ್ ಅಸಿಸ್ಟೆಂಟ್ ಕೂಡ ಅಲ್ಲೇ ಕೂತಿತು. ಆಡ್-ಆನ್ ಇಲ್ಲಿ ಇರುವುದಿಲ್ಲ. ಆಡ್-ಆನ್ ಅಂದರೆ ಅದೂ ಕಂಟೇನರೇ, ಅಲ್ವಾ? ಓಎಸ್ ಮಾಡಿಕೊಡುತ್ತಿದ್ದ ಕೆಲಸವನ್ನು ಇಲ್ಲಿ ನಾವೇ ಮಾಡಬೇಕು, ಅಷ್ಟೇ. ಮೊಸ್ಕಿಟೋಗೆ ಒಂದು, ಝಿಗ್‌ಬೀಗೆ (ಸೆನ್ಸರ್‌ಗಳ ಸಣ್ಣ ವೈರ್‌ಲೆಸ್ ಜಾಲ) ಒಂದು, ಇಎಸ್‌ಪಿಹೋಮ್‌ಗೆ ಒಂದು. ಎಲ್ಲವನ್ನೂ ಒಂದೇ ಕಂಪೋಸ್ ಫೈಲ್‌ನಲ್ಲಿ (ಯಾವ ಕಂಟೇನರ್ ಹೇಗೆ ಓಡಬೇಕು ಅಂತ ಡಾಕರ್‌ಗೆ ಹೇಳುವ ಪಟ್ಟಿ) ಬರೆದಿಡಿ. ಉದ್ದುದ್ದ ಡಾಕರ್ ರನ್ ಕಮಾಂಡ್ ಹೊಡೆದು ಹಾಕಬೇಡಿ, ಆರು ತಿಂಗಳ ಮೇಲೆ ಅದರಲ್ಲಿ ಏನು ಕೊಟ್ಟಿದ್ದೆ ಅಂತ ನಿಮಗೇ ನೆನಪಿರಲ್ಲ.

ಇಮೇಜ್ (ಕಂಟೇನರ್ ತಯಾರಾಗುವ ಮೂಲ ಫೈಲ್) ದೊಡ್ಡದು, ನೂರಾರು ಎಂಬಿ. ಮನೆಯಲ್ಲಿ ನೆಟ್ ಒಂದು ಕಡ್ಡಿ ಬರುತ್ತೆ ಅಂತಾದರೆ ಕುಶಾಲನಗರದಲ್ಲೋ ಮಡಿಕೇರಿಯಲ್ಲೋ ನೆಟ್ ಚೆನ್ನಾಗಿರುವ ಕಡೆ ಲ್ಯಾಪ್‌ಟಾಪ್‌ಗೆ ಎಳೆದುಕೊಳ್ಳಿ, ಡಾಕರ್ ಸೇವ್ ಕೊಟ್ಟು ಫೈಲ್ ಮಾಡಿ ಪೆನ್‌ಡ್ರೈವ್‌ಗೆ ಹಾಕಿ, ಮನೆಗೆ ಬಂದು ಡಾಕರ್ ಲೋಡ್ ಕೊಡಿ. ಮನೆಯ ಯಂತ್ರ ರಾಸ್ಪ್‌ಬೆರಿ ಪೈ ಆಗಿದ್ದು ಲ್ಯಾಪ್‌ಟಾಪ್ ಇಂಟೆಲ್ ಆಗಿದ್ದರೆ, ಎಳೆಯುವಾಗಲೇ ಪ್ಲಾಟ್‌ಫಾರ್ಮ್ ಆರ್ಮ್64 ಅಂತ ಹೇಳಬೇಕು. ಇಲ್ಲದಿದ್ದರೆ ಮನೆಗೆ ತಂದ ಫೈಲ್ ಅಲ್ಲಿ ಓಡಲ್ಲ, ಒಂದು ದಿನದ ಓಡಾಟ ದಂಡ.

ಕಂಪೋಸ್ ಫೈಲ್‌ನಲ್ಲಿ ಕೆಲವನ್ನು ತಪ್ಪಿಸಲೇಬಾರದು. ನೆಟ್‌ವರ್ಕ್ ಮೋಡ್ ಹೋಸ್ಟ್ ಇರಲಿ. ಬರೀ 8123 ಪೋರ್ಟ್ ತೆರೆದುಕೊಟ್ಟರೆ ಪುಟ ತೆರೆಯುತ್ತೆ, ಎಲ್ಲ ಸರಿ ಇದೆ ಅನಿಸುತ್ತೆ, ಆದರೆ ಮನೆಯ ಟಿವಿ, ಬಲ್ಬ್, ಇಎಸ್‌ಪಿ ಯಾವುದೂ ತಾನಾಗಿ ಕಾಣಿಸಿಕೊಳ್ಳಲ್ಲ. ಹೋಸ್ಟ್ ಮೋಡ್ ಸರಿಯಾಗಿ ನಡೆಯುವುದು ಲಿನಕ್ಸ್‌ನಲ್ಲಿ. ವಿಂಡೋಸ್ ಕಂಪ್ಯೂಟರ್‌ನಲ್ಲಿ ಡಾಕರ್ ಡೆಸ್ಕ್‌ಟಾಪ್ ಹಾಕಿ ಮಾಡುತ್ತೇನೆ ಅನ್ನುವವರಿಗೆ ನಾನು ಬೇಡ ಅಂತಲೇ ಹೇಳುವುದು, ಯುಎಸ್‌ಬಿ ಕಡ್ಡಿಯನ್ನು ಒಳಗೆ ಕೊಡುವುದೂ ಅಲ್ಲಿ ಕಷ್ಟ. ಕಾನ್ಫಿಗ್ ಫೋಲ್ಡರ್ ಅನ್ನು ಹೊರಗಿನ ಡಿಸ್ಕ್‌ಗೆ ಕಟ್ಟಿ, ಕಂಟೇನರ್ ಅಳಿಸಿದರೂ ಅದು ಉಳಿಯುತ್ತೆ. ಟೈಮ್‌ಝೋನ್ ಏಷ್ಯಾ ಕೋಲ್ಕತ್ತಾ ಕೊಡಿ. ರೀಸ್ಟಾರ್ಟ್ ಅನ್ನುವ ಜಾಗದಲ್ಲಿ ಅನ್‌ಲೆಸ್-ಸ್ಟಾಪ್ಡ್ ಬರೆಯಿರಿ. ಇದೊಂದು ಸಾಲು ಮರೆತರೆ ಕರೆಂಟ್ ಬಂದ ಮೇಲೆ ಯಂತ್ರ ಏಳುತ್ತೆ, ಡಾಕರ್ ಏಳುತ್ತೆ, ನಿಮ್ಮ ಕಂಟೇನರ್ ಮಾತ್ರ ಮಲಗೇ ಇರುತ್ತೆ. ಡಾಕರ್‌ನ ಲಾಗ್‌ಗೂ ಒಂದು ಮಿತಿ ಹಾಕಿ, ಸುಮ್ನೆ ಬಿಟ್ಟರೆ ಅದು ಬೆಳೀತಾ ಹೋಗಿ ಡಿಸ್ಕ್ ತುಂಬಿಸುತ್ತೆ.

ಮೊಸ್ಕಿಟೋದಲ್ಲಿ ಎಲ್ಲರೂ ಒಂದು ಸಲ ಸಿಕ್ಕಿಹಾಕಿಕೊಳ್ಳುತ್ತಾರೆ. 2.0 ಆವೃತ್ತಿಯಿಂದ ಅದು ಕಾನ್ಫಿಗ್ ಇಲ್ಲದೆ ಎದ್ದರೆ ತನ್ನ ಯಂತ್ರದೊಳಗಿನ ಮಾತು ಮಾತ್ರ ಕೇಳುತ್ತೆ. ಕಂಟೇನರ್‌ನಲ್ಲಿ 'ತನ್ನ ಯಂತ್ರ' ಅಂದರೆ ಆ ಕಂಟೇನರ್ ಒಂದೇ. ಹೊರಗಿನಿಂದ ಯಾರು ಕೂಗಿದರೂ ಉತ್ತರ ಇಲ್ಲ. ಕಾನ್ಫಿಗ್‌ನಲ್ಲಿ ಲಿಸನರ್ 1883 ಅಂತ ಬರೆದು, ಪಾಸ್‌ವರ್ಡ್ ಫೈಲ್ ಮಾಡಿ ಕೊಡಬೇಕು. ಆ ಕಾನ್ಫಿಗ್ ಫೈಲ್ ಮೊದಲು ಮಾಡಿಟ್ಟು ಆಮೇಲೆ ಕಂಟೇನರ್ ಎಬ್ಬಿಸಿ. ಫೈಲ್ ಇಲ್ಲದೆ ಎಬ್ಬಿಸಿದರೆ ಡಾಕರ್ ಅದೇ ಹೆಸರಿನಲ್ಲಿ ಒಂದು ಫೋಲ್ಡರ್ ಮಾಡಿಬಿಡುತ್ತೆ, ಯಾಕೆ ಓಡ್ತಿಲ್ಲ ಅಂತ ಹುಡುಕುತ್ತಾ ಸಂಜೆ ಕಳೆಯುತ್ತೆ.

ಈಗ ನಮ್ಮ ಮನೆಯಲ್ಲೇ ಆದದ್ದು ಹೇಳುತ್ತೇನೆ. ನನ್ನ ಪೆಟ್ಟಿಗೆಗೆ ಎರಡು ಯುಎಸ್‌ಬಿ ಸಾಧನ ಇದ್ದವು: ಝಿಗ್‌ಬೀ ಕಡ್ಡಿ ಒಂದು, ಇನ್ವರ್ಟರ್‌ನಿಂದ ಬರುವ ಸೀರಿಯಲ್ ಕೇಬಲ್ ಒಂದು. ಝಿಗ್‌ಬೀ ಕಂಟೇನರ್‌ಗೆ ನಾನು ಟಿಟಿವೈ ಯುಎಸ್‌ಬಿ 0 (ಲಿನಕ್ಸ್ ಕೊಡುವ ಸರದಿ ಹೆಸರು) ಅಂತ ಬರೆದಿದ್ದೆ. ಒಂದು ವರ್ಷ ಜುಲೈಯಲ್ಲಿ ಕರೆಂಟ್ ಹೋಗಿ ಬಂದಾಗ ಲಿನಕ್ಸ್ ಎರಡನ್ನೂ ಅದಲುಬದಲು ಎಣಿಸಿತ್ತು. ಝಿಗ್‌ಬೀ ಕಂಟೇನರ್ ಇನ್ವರ್ಟರ್ ಕೇಬಲ್ ಜೊತೆ ಮಾತಾಡಲು ಹೋಗಿ, ಬಿದ್ದು, ಮತ್ತೆ ಎದ್ದು, ಮತ್ತೆ ಬೀಳ್ತಾ ಇತ್ತು. ಟ್ಯಾಂಕಿನ ಫ್ಲೋಟ್ ಸೆನ್ಸರ್ ಇದ್ದದ್ದು ಆ ಝಿಗ್‌ಬೀಯಲ್ಲೇ. ಬೆಳಿಗ್ಗೆ ಅಮ್ಮ ಎಂದಿನ ಹಾಗೆ ಮೋಟರ್ ಹಾಕಿ, ತಾನೇ ಆಫ್ ಆಗುತ್ತೆ ಅಂತ ನಂಬಿ ಒಳಗೆ ಹೋದರು. ಹನ್ನೊಂದು ಗಂಟೆಯವರೆಗೆ ಟ್ಯಾಂಕ್ ತುಂಬಿ ಹರಿದಿದೆ. ಹೊರಗೆ ಮಳೆಯ ಸದ್ದಲ್ಲಿ ಅದು ಕೇಳಿಸಿಲ್ಲ. ಹಿತ್ತಲಿನ ಏಲಕ್ಕಿ ಬುಡದ ಮಣ್ಣೆಲ್ಲ ಕೊಚ್ಚಿ ಹೋಗಿತ್ತು. ನನಗೆ ತುಂಬಾ ಬೇಜಾರಾಯ್ತು, ಯಾಕೆಂದರೆ ಅಮ್ಮ ಮೊದಲು ಟ್ಯಾಂಕ್ ನೋಡುತ್ತಾ ನಿಲ್ಲುತ್ತಿದ್ದರು, ನಾನು ಹೇಳಿದ ಮೇಲೇ ಬಿಟ್ಟದ್ದು.

ಪರಿಹಾರ ಒಂದೇ ಸಾಲು. ಲಿನಕ್ಸ್‌ನ ಡೆವ್ ಫೋಲ್ಡರಿನ ಒಳಗೆ ಸೀರಿಯಲ್, ಅದರೊಳಗೆ ಬೈ-ಐಡಿ ಅಂತ ಒಂದು ಜಾಗ ಇದೆ. ಅಲ್ಲಿ ಪ್ರತಿ ಕಡ್ಡಿಗೂ ಅದರ ಸ್ವಂತ ಹೆಸರು, ಸೀರಿಯಲ್ ನಂಬರ್ ಇರುತ್ತೆ. ಆ ಉದ್ದ ಹೆಸರನ್ನೇ ಕಂಪೋಸ್ ಫೈಲ್‌ನಲ್ಲಿ ಕೊಡಿ. ಎಷ್ಟು ಸಲ ಕರೆಂಟ್ ಹೋಗಿ ಬಂದರೂ ಅದು ಬದಲಾಗಲ್ಲ.

ಓಎಸ್ ಹಾಕಿದ್ದರೂ ಈ ತಪ್ಪು ಮಾಡಬಹುದು, ಆದರೆ ಅಲ್ಲಿ ಕಡ್ಡಿಯನ್ನು ಪಟ್ಟಿಯಿಂದ ಆರಿಸುವುದರಿಂದ ಅವಕಾಶ ಕಡಿಮೆ. ಕಂಟೇನರ್ ದಾರಿಯಲ್ಲಿ ಇಂಥ ಹತ್ತು ಸಣ್ಣ ವಿಷಯಗಳು ನಿಮ್ಮ ಹೊಣೆ. ಬ್ಯಾಕಪ್ ಕೂಡ ಹಾಗೇ. ಹೋಮ್ ಅಸಿಸ್ಟೆಂಟ್ ಒಳಗಿನಿಂದ ತೆಗೆದ ಬ್ಯಾಕಪ್‌ನಲ್ಲಿ ಅದರದ್ದು ಮಾತ್ರ ಇರುತ್ತೆ. ಮೊಸ್ಕಿಟೋ, ಝಿಗ್‌ಬೀ, ನೋಡ್-ರೆಡ್ ಫೋಲ್ಡರ್‌ಗಳನ್ನು, ಕಂಪೋಸ್ ಫೈಲನ್ನು ನೀವೇ ಬೇರೆ ಕಡೆ ನಕಲು ಮಾಡಿಡಬೇಕು. ನಾನು ವಾರಕ್ಕೊಮ್ಮೆ ಪೂರ್ತಿ ಫೋಲ್ಡರ್ ಅನ್ನು ಇನ್ನೊಂದು ಡಿಸ್ಕ್‌ಗೆ ಹಾಕುತ್ತೇನೆ.

ಅಪ್‌ಡೇಟ್ ತಿಂಗಳಿಗೊಂದು ಬರುತ್ತೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾನು ಮುಟ್ಟಲ್ಲ. ಇಮೇಜ್ ಹೆಸರಿನ ಮುಂದೆ ಸ್ಟೇಬಲ್ ಅಂತ ಬಿಡುವ ಬದಲು ಆವೃತ್ತಿಯ ನಂಬರ್ ಬರೆದಿಟ್ಟರೆ, ಹೊಸದು ಸರಿಬರದಿದ್ದಾಗ ಹಳೇ ನಂಬರ್ ಮತ್ತು ಮುಂಚಿನ ಬ್ಯಾಕಪ್ ಹಾಕಿ ವಾಪಸ್ ಬರಬಹುದು. ಕಂಟೇನರ್‌ನಲ್ಲಿ ನನಗೆ ತುಂಬಾ ಇಷ್ಟವಾದ ಗುಣ ಇದು.

ಬರೀ ನೋಡ್-ರೆಡ್

ಮೋಟರ್, ಟ್ಯಾಂಕ್, ಮಳೆ. ಇಷ್ಟೇ ಸಾಕು, ಬಲ್ಬು ಟಿವಿ ಬೇಡ ಅನ್ನುವವರಿಗೆ ಇದು ಚೆನ್ನಾಗಿದೆ. ನೋಡ್-ರೆಡ್ 2013ರಲ್ಲಿ ಐಬಿಎಂನಲ್ಲಿ ಹುಟ್ಟಿದ್ದು. ಪೆಟ್ಟಿಗೆಗಳನ್ನು ಗೆರೆ ಎಳೆದು ಜೋಡಿಸಿದರೆ ಕೆಲಸ ನಡೆಯುತ್ತೆ, ಸ್ಟಾರ್ಟರ್ ಪ್ಯಾನಲ್‌ನ ವೈರಿಂಗ್ ಅರ್ಥವಾಗುವವರಿಗೆ ಇದೂ ಬೇಗ ಅರ್ಥವಾಗುತ್ತೆ. ಹಳೇ ಯಂತ್ರದಲ್ಲೂ ಹಗುರವಾಗಿ ಓಡುತ್ತೆ. ಅದು ಸಾಧನಗಳ ಜೊತೆ ಮಾತಾಡಲು ಬಳಸುವ, ಮೊಸ್ಕಿಟೋ ಸಾಗಿಸುವ ಎಂಕ್ಯೂಟಿಟಿ ಅನ್ನುವ ಸಂದೇಶ ಪದ್ಧತಿಯೂ ಮೂಲದಲ್ಲಿ 1999ರಲ್ಲಿ ದೂರದ ತೈಲ ಪೈಪ್‌ಲೈನ್‌ಗಳ ಮೇಲೆ ಉಪಗ್ರಹದ ಮೂಲಕ ಕಣ್ಣಿಡಲು ಮಾಡಿದ್ದು, ಹಾಗಾಗಿ ದುರ್ಬಲ ನೆಟ್‌ವರ್ಕ್‌ಗೆ ಒಗ್ಗಿದೆ.

ಹಾಕುವಾಗ ಎರಡು ಜಾಗದಲ್ಲಿ ಎಚ್ಚರ. ಅದರ ಕಂಟೇನರ್ ಒಳಗಿನ ಬಳಕೆದಾರನ ನಂಬರ್ 1000. ಹೊರಗಿನ ಡೇಟಾ ಫೋಲ್ಡರ್ ರೂಟ್ ಹೆಸರಲ್ಲಿದ್ದರೆ ಪರ್ಮಿಷನ್ ಇಲ್ಲ ಅಂತ ಬೀಳುತ್ತೆ, ಫೋಲ್ಡರಿನ ಒಡೆತನವನ್ನು 1000ಕ್ಕೆ ಬದಲಿಸಿ. ಎರಡನೆಯದು, 1880 ಪೋರ್ಟ್‌ನ ಎಡಿಟರ್‌ಗೆ ಮೊದಲಿಗೆ ಪಾಸ್‌ವರ್ಡೇ ಇರಲ್ಲ. ಹೋಮ್‌ಸ್ಟೇ ಅತಿಥಿಗಳಿಗೆ ಕೊಡುವ ವೈಫೈಯಲ್ಲೇ ಇದೂ ಇದ್ದರೆ ಯಾರು ಬೇಕಾದರೂ ನಿಮ್ಮ ಮೋಟರ್ ಹಾಕಬಹುದು. ಸೆಟ್ಟಿಂಗ್ಸ್ ಫೈಲ್‌ನಲ್ಲಿ ಅಡ್ಮಿನ್ ಆಥ್ ಮೊದಲು ಹಾಕಿ, ಆಮೇಲೆ ಮುಂದಿನ ಕೆಲಸ.

ಕೊರತೆ ಅಂದರೆ, ಹಳೇ ಲೆಕ್ಕ ಇಟ್ಟುಕೊಳ್ಳುವ ವ್ಯವಸ್ಥೆ, ಮನೆಯವರಿಗೆ ಸುಲಭವಾದ ಮೊಬೈಲ್ ಆಪ್ ಇವೆಲ್ಲ ಸಿದ್ಧವಾಗಿ ಬರಲ್ಲ. ಅಪ್ಪನಿಗೆ ಕಳೆದ ವರ್ಷದ ಜೂನ್ ಮಳೆಯೂ ಈ ವರ್ಷದ್ದೂ ಅಕ್ಕಪಕ್ಕ ಬೇಕು. ಅದಕ್ಕೇ ನಾನು ಹೋಮ್ ಅಸಿಸ್ಟೆಂಟ್‌ಗೆ ಹೋದದ್ದು.

ಯಾವುದನ್ನು ಆರಿಸಿದರೂ ಇದನ್ನು ಬಿಡಬೇಡಿ

ಮಳೆ ಮಾಪಕದ ಕಥೆ ಹೇಳದೆ ಇದು ಪೂರ್ತಿಯಾಗಲ್ಲ. ನಮ್ಮ ಕಡೆ ಮಳೆಯನ್ನು ಇಂಚು, ಸೆಂಟ್ (ಇಂಚಿನ ನೂರನೇ ಒಂದು ಭಾಗ) ಲೆಕ್ಕದಲ್ಲೇ ಹೇಳುವುದು. ಅಪ್ಪ ದಿನಾ ಬೆಳಿಗ್ಗೆ ಡೈರಿಯಲ್ಲಿ ಬರೆಯುತ್ತಾರೆ. ನಾನು ಹಾಕಿರುವುದು ಬಕೆಟ್ ಮಗುಚುವ ಮಾಪಕ. ಒಂದು ಸಲ ಮಗುಚಿದರೆ 0.2794 ಮಿಲಿಮೀಟರ್, ಅಂದರೆ ಸೆಂಟ್ ಲೆಕ್ಕದಲ್ಲಿ ಒಂದಕ್ಕಿಂತ ಚೂರು ಜಾಸ್ತಿ. ಇಂಚಿಗೆ ಸುಮಾರು 91 ಸಲ. ಅದನ್ನು ಎಣಿಸುವುದು ಇಎಸ್‌ಪಿ32, ಅದರಲ್ಲಿ ಇಎಸ್‌ಪಿಹೋಮ್. ಅದಕ್ಕೆ ಸ್ವಂತ ಬ್ಯಾಟರಿ ಕೊಟ್ಟಿದ್ದೆ, ಸರ್ವರ್ ಸತ್ತರೂ ಎಣಿಸುತ್ತಿರಲಿ ಅಂತ.

ಆದರೂ ಕರೆಂಟ್ ಇಲ್ಲದ ಎರಡು ದಿನದ ಲೆಕ್ಕ ಬರಲಿಲ್ಲ. ಡೈರಿಯಲ್ಲಿ ಇಂಚುಗಟ್ಟಲೆ ಇದೆ, ಮೊಬೈಲ್‌ನಲ್ಲಿ ಒಂದು ಸೆಂಟ್ ಕೂಡ ಇಲ್ಲ. ಕಾರಣ ಇಎಸ್‌ಪಿಹೋಮ್‌ನ ಒಂದು ಡೀಫಾಲ್ಟ್. 15 ನಿಮಿಷ ಸರ್ವರ್ ಸಿಗದಿದ್ದರೆ, ಅಥವಾ ವೈಫೈ ಸಿಗದಿದ್ದರೆ, ಅದು ತನ್ನನ್ನೇ ರೀಬೂಟ್ ಮಾಡಿಕೊಳ್ಳುತ್ತೆ. ಪ್ರತಿ ರೀಬೂಟ್‌ಗೂ ಎಣಿಕೆ ಸೊನ್ನೆ. ಮಳೆ ಅತಿ ಜಾಸ್ತಿ ಬಿದ್ದ ದಿನವೇ ಕರೆಂಟ್ ಹೋಗುವುದು, ಆ ದಿನವೇ ಲೆಕ್ಕ ಹೋಗುವುದು. ಎಪಿಐ (ಸರ್ವರ್ ಸಂಪರ್ಕ) ಮತ್ತು ವೈಫೈ ಎರಡರಲ್ಲೂ ರೀಬೂಟ್ ಟೈಮ್‌ಔಟ್ ಸೊನ್ನೆ ಮಾಡಿ. ಎಂಕ್ಯೂಟಿಟಿ ಬಳಸುತ್ತಿದ್ದರೆ ಅದರಲ್ಲೂ ಇದೇ ಸೆಟ್ಟಿಂಗ್ ಇದೆ.

ಮೋಟರ್‌ಗೂ ಇದೇ ಅನ್ವಯ. ಟ್ಯಾಂಕ್ ತುಂಬಿದರೆ ಆಫ್ ಮಾಡುವ ತೀರ್ಮಾನ ಸರ್ವರ್‌ನಲ್ಲಿ ಇರಬಾರದು, ಮೋಟರ್ ಪಕ್ಕದ ಇಎಸ್‌ಪಿಯಲ್ಲೇ ಇರಬೇಕು, ಫ್ಲೋಟ್‌ನ ವೈರ್ ನೇರ ಅದಕ್ಕೇ ಹೋಗಬೇಕು. ಆ ಏಲಕ್ಕಿ ಬುಡ ಹೋದ ಮೇಲೆ ನಾನು ಹೀಗೇ ಬದಲಿಸಿದೆ. ರಿಲೇಗೆ ಕರೆಂಟ್ ಬಂದಾಗ ಯಾವಾಗಲೂ ಆಫ್ ಆಗಿಯೇ ಏಳುವ ಸೆಟ್ಟಿಂಗ್ ಕೊಡಿ. ಸರ್ವರ್ ನೋಡಲಿ, ತೋರಿಸಲಿ, ಮೊಬೈಲ್‌ಗೆ ಹೇಳಲಿ, ಅಷ್ಟೇ ಸಾಕು. ಕಾಫಿ ಹೂವಿಗೆ ನೀರು ಕೊಡುವ ಫೆಬ್ರವರಿ, ಮಾರ್ಚ್‌ನ ಸ್ಪ್ರಿಂಕ್ಲರ್ ಮೋಟರ್ ತ್ರೀ ಫೇಸ್. ಅದಕ್ಕೆ ಕಾಂಟ್ಯಾಕ್ಟರ್, ಓವರ್‌ಲೋಡ್ ರಿಲೇ, ಸಿಂಗಲ್ ಫೇಸ್ ಪ್ರಿವೆಂಟರ್ ಎಲ್ಲ ಎಲೆಕ್ಟ್ರಿಷಿಯನ್ ಕೈಯಲ್ಲೇ ಹಾಕಿಸಿ. ಸಣ್ಣ ರಿಲೇ ಬೋರ್ಡ್‌ನಿಂದ ನೇರ ಓಡಿಸುವ ಧೈರ್ಯ ಯಾರೂ ಮಾಡಬೇಡಿ, ಜೀವಕ್ಕೆ ಅಪಾಯ.

ಡಿಸ್ಕ್ ಎಸ್‌ಎಸ್‌ಡಿಯೇ ಆಗಲಿ. ಹೋಮ್ ಅಸಿಸ್ಟೆಂಟ್ ಸುಮ್ಮನೆ ಬಿಟ್ಟರೆ 5 ಸೆಕೆಂಡಿಗೊಮ್ಮೆ ಡೇಟಾಬೇಸ್‌ಗೆ ಬರೆಯುತ್ತೆ, ಮೆಮೊರಿ ಕಾರ್ಡ್ ಅದನ್ನು ಬಹಳ ಕಾಲ ತಾಳಲ್ಲ. ರೆಕಾರ್ಡರ್‌ನಲ್ಲಿ ಅದನ್ನು 30 ಸೆಕೆಂಡಿಗೆ ಏರಿಸಿ, ಬೇಡದ ಸೆನ್ಸರ್‌ಗಳನ್ನು ತೆಗೆದುಹಾಕಿ. ಬರೆಯುವಾಗಲೇ ಕರೆಂಟ್ ಹೋಗಿ ಡೇಟಾಬೇಸ್ ಕೆಟ್ಟರೆ, ಅದು ಹಳೇ ಫೈಲ್ ಪಕ್ಕಕ್ಕಿಟ್ಟು ಹೊಸದು ಶುರು ಮಾಡುತ್ತೆ. ಮನೆ ಓಡುತ್ತೆ, ಅಪ್ಪನ ಮಳೆ ಲೆಕ್ಕ ಹೋಗುತ್ತೆ. ಒಂದು ಯುಪಿಎಸ್ ಇಟ್ಟು, ಎನ್‌ಯುಟಿ (ಯುಪಿಎಸ್ ಮೇಲೆ ಕಣ್ಣಿಡುವ ಪ್ರೋಗ್ರಾಂ) ಹಾಕಿ, ಬ್ಯಾಟರಿ ಮುಗಿಯುವ ಮೊದಲು ಯಂತ್ರ ಕ್ರಮವಾಗಿ ಮಲಗುವ ಹಾಗೆ ಮಾಡಿದರೆ ಈ ತಲೆನೋವು ಬಹುತೇಕ ತಪ್ಪುತ್ತೆ. ರೌಟರ್‌ಗೂ ಸಣ್ಣ 12 ವೋಲ್ಟ್ ಯುಪಿಎಸ್ ಇರಲಿ.

ಹೊರಗಿನಿಂದ ನೋಡಲು ಪೋರ್ಟ್ ತೆರೆಯಬೇಡಿ. ಮೊಬೈಲ್ ಸಿಮ್ ಹಾಕಿದ ರೌಟರ್‌ಗಳಲ್ಲಿ ಸಾಮಾನ್ಯವಾಗಿ ಸ್ವಂತ ಪಬ್ಲಿಕ್ ಐಪಿಯೂ ಸಿಗಲ್ಲ. ಟೇಲ್‌ಸ್ಕೇಲ್ (ನಿಮ್ಮ ಸಾಧನಗಳ ನಡುವೆ ಖಾಸಗಿ ಜಾಲ ಮಾಡುವ ಸಾಫ್ಟ್‌ವೇರ್) ಹಾಕಿದರೆ ಎರಡೂ ತೊಂದರೆ ಇಲ್ಲ, ಓಎಸ್‌ನಲ್ಲಿ ಆಡ್-ಆನ್ ಆಗಿಯೂ ಸಿಗುತ್ತೆ, ಡಾಕರ್‌ನಲ್ಲಿ ಕಂಟೇನರ್ ಆಗಿಯೂ ಸಿಗುತ್ತೆ.

ಹಾಗಾದರೆ ನಿಮಗೆ ಯಾವುದು

ಮನೆಯಲ್ಲಿ ಟರ್ಮಿನಲ್ ತೆರೆಯುವವರು ಯಾರೂ ಇಲ್ಲ, ಅಥವಾ ಇರುವವರು ಬೆಂಗಳೂರಲ್ಲಿ ಕೆಲಸದಲ್ಲಿದ್ದು ಪುತ್ತರಿ, ಕೈಲ್‌ಪೊಳ್ದ್ ಹಬ್ಬಗಳಿಗೆ ಮಾತ್ರ ಬರುತ್ತಾರೆ ಅಂತಾದರೆ, ಯೋಚನೆ ಮಾಡದೆ ಓಎಸ್ ಹಾಕಿ. ಅದಕ್ಕೇ ಒಂದು ಯಂತ್ರ ಮೀಸಲಿಡಿ. ಸೆಕೆಂಡ್ ಹ್ಯಾಂಡ್ ಮಿನಿ ಪಿಸಿ, 4 ಜಿಬಿ ರ‍್ಯಾಮ್, ಎಸ್‌ಎಸ್‌ಡಿ ಇದ್ದರೆ ಧಾರಾಳ. ಈಗಾಗಲೇ ಲಿನಕ್ಸ್ ಯಂತ್ರ ಓಡುತ್ತಿದೆ, ಕಂಪೋಸ್ ಫೈಲ್ ಓದಲು ಬರುತ್ತೆ, ಬ್ಯಾಕಪ್ ಶಿಸ್ತು ಇದೆ ಅಂತಾದರೆ ಕಂಟೇನರ್. ಲೈನ್ ಮನೆಯ (ತೋಟದ ಕೆಲಸಗಾರರ ಮನೆಗಳ) ಹತ್ತಿರ ಒಂದು ಮೋಟರ್, ಒಂದು ಟ್ಯಾಂಕ್ ಮಾತ್ರ ಅಂತಾದರೆ ನೋಡ್-ರೆಡ್. ಓಎಸ್‌ನಲ್ಲಿ ಶುರು ಮಾಡಿ ಆಮೇಲೆ ಕಂಟೇನರ್‌ಗೆ ಹೋಗಬಹುದು, ಕಾನ್ಫಿಗ್ ಫೋಲ್ಡರ್ ಎರಡರಲ್ಲೂ ಒಂದೇ ತರಹ. ಹಾಗಾಗಿ ಮೊದಲ ಆಯ್ಕೆ ತಪ್ಪಾದರೆ ಎಲ್ಲ ಮತ್ತೆ ಮಾಡಬೇಕು ಅನ್ನುವ ಭಯ ಬೇಡ.

ಯಂತ್ರದ ಬಯಾಸ್‌ಗೆ (ಆನ್ ಆಗುವಾಗ ತೆರೆಯುವ ಮೂಲ ಸೆಟ್ಟಿಂಗ್) ಹೋಗಿ, ಕರೆಂಟ್ ಬಂದಾಗ ತಾನಾಗಿ ಆನ್ ಆಗುವ ಆಯ್ಕೆ ಹಾಕಿ. ತುಂಬಾ ಮಿನಿ ಪಿಸಿಗಳಲ್ಲಿ ಅದು ಆಫ್ ಇರುತ್ತೆ. ಇದಾದ ಮೇಲೆ ಮೇ ತಿಂಗಳ ಒಂದು ಭಾನುವಾರ, ಎಲ್ಲರೂ ಮನೆಯಲ್ಲಿರುವಾಗ, ಮೊದಲು ಬ್ಯಾಕಪ್ ತೆಗೆದಿಟ್ಟು, ಮೇನ್ ಸ್ವಿಚ್ ಇಳಿಸಿ. ಯುಪಿಎಸ್ ಪೂರ್ತಿ ಖಾಲಿಯಾಗಲು ಬಿಡಿ. ಯಂತ್ರ ಮಲಗಿದ ಮೇಲೆ ಅರ್ಧ ಗಂಟೆ ಕಾದು ಸ್ವಿಚ್ ಏರಿಸಿ, ಏನನ್ನೂ ಮುಟ್ಟಬೇಡಿ. ಹತ್ತು ನಿಮಿಷದ ಮೇಲೆ ಅಮ್ಮನ ಮೊಬೈಲ್‌ನಲ್ಲಿ ಟ್ಯಾಂಕ್ ಮಟ್ಟ ಕಾಣಬೇಕು, ಮಳೆ ಮಾಪಕದ ಬಕೆಟ್ ಅನ್ನು ಬೆರಳಲ್ಲಿ ಹತ್ತು ಸಲ ಮಗುಚಿದರೆ ಹತ್ತೂ ಬರಬೇಕು, ಫ್ಲೋಟ್ ಎತ್ತಿದರೆ ಮೋಟರ್ ನಿಲ್ಲಬೇಕು. ಒಂದು ಬರದಿದ್ದರೂ ಸರಿಮಾಡಿ ಇನ್ನೊಮ್ಮೆ ಇಳಿಸಿ. ನಮ್ಮ ಮನೆಯಲ್ಲಿ ಮೂರನೇ ಸಲಕ್ಕೆ ಎಲ್ಲ ಬಂತು.